ಮನೆ ಕಂದಾಯ ಏರುತ್ತಲೇ ಇದೆಯಾ? ಶಿವಮೊಗ್ಗದವರು ಮೊದಲು ಏನು ಮಾಡಬೇಕು, ಆಮೇಲೆ ಏನು ಮಾಡಬೇಕು

ಏಪ್ರಿಲ್ ಬಂತು ಅಂದ್ರೆ ಅದೇ ದೂರು. ಕಂದಾಯ ಕಟ್ಟಲು ಹೋದವರು ಕೌಂಟರ್‌ನಲ್ಲಿ ಹೋದ ವರ್ಷಕ್ಕಿಂತ ಜಾಸ್ತಿ ಮೊತ್ತ ನೋಡಿ ಸಿಟ್ಟಾಗುತ್ತಾರೆ, ಅಲ್ಲೇ ನಿಂತು ವಾದ ಮಾಡುತ್ತಾರೆ, "ಕಂಪ್ಯೂಟರ್‌ನಲ್ಲಿ ಹಾಗೇ ಬರ್ತಿದೆ ಸಾರ್" ಅನ್ನುವ ಉತ್ತರ ಕೇಳಿಸಿಕೊಂಡು ಗೊಣಗುತ್ತಾ ವಾಪಸ್ ಬರುತ್ತಾರೆ. ಕೆಲವರು ಕಟ್ಟುವುದನ್ನೇ ಬಿಡುತ್ತಾರೆ. ಇನ್ನು ಕೆಲವರು "ತೆರಿಗೆ ಕಡಿಮೆ ಮಾಡಿ" ಅಂತ ಎರಡು ಸಾಲಿನ ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾಯುತ್ತಾರೆ. ಯಾವುದರಿಂದಲೂ ಕೆಲಸ ಆಗುವುದಿಲ್ಲ.

ಯಾಕಂದ್ರೆ ಜಗಳ ತಪ್ಪು ಜಾಗದಲ್ಲಿ ನಡೆಯುತ್ತಿದೆ. ತೆರಿಗೆಯ ದರ, ಅದು ವರ್ಷಕ್ಕೆ ಶೇಕಡಾ ಎಷ್ಟು ಏರಬೇಕು ಅನ್ನುವುದು ಕೌಂಟರ್‌ನಲ್ಲಿ ಕೂತವರ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲೂ ಇಲ್ಲ. ಆದರೆ ಆ ಏರಿಕೆ ಯಾವ ಮೊತ್ತದ ಮೇಲೆ ಕೂರುತ್ತದೆ, ಅಂದರೆ ನಿಮ್ಮ ಮನೆಯ ಅಳತೆ, ಮಾಡು ಎಂಥದ್ದು, ಎಷ್ಟು ಹಳೆಯದು, ವಾಸಕ್ಕಾ ಅಂಗಡಿಗಾ ಅನ್ನುವ ದಾಖಲೆ ಇದೆಯಲ್ಲ, ಅದನ್ನು ತಿದ್ದಿಸಬಹುದು. ತಪ್ಪು ದಾಖಲೆಯಿಂದ ವರ್ಷಕ್ಕೆ 1,500 ರೂಪಾಯಿ ಜಾಸ್ತಿ ಹೋಗುತ್ತಿದೆ ಅಂತ ಇಟ್ಟುಕೊಳ್ಳಿ. ಪ್ರತಿ ವರ್ಷ ಶೇ. 5ರಂತೆ ಏರಿದರೆ 10 ವರ್ಷಕ್ಕೆ ಸುಮಾರು 18,900 ರೂಪಾಯಿ ಸುಮ್ನೆ ಹೋಯಿತು. ಅದರ ಮೇಲೆ ಸೆಸ್ ಬೇರೆ.

ಇದನ್ನು ಶಿವಮೊಗ್ಗ ಮಹಾನಗರ ಪಾಲಿಕೆ ವ್ಯಾಪ್ತಿಯ ಸ್ವಂತ ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಸಾಗರ, ಭದ್ರಾವತಿ ನಗರಸಭೆಗೂ ತೀರ್ಥಹಳ್ಳಿ, ಹೊಸನಗರದ ಪಟ್ಟಣ ಪಂಚಾಯಿತಿಗೂ ಕ್ರಮ ಹೆಚ್ಚುಕಡಿಮೆ ಇದೇ. ಪಾಲಿಕೆಗೆ 1976ರ ಕಾಯ್ದೆ, ಉಳಿದವಕ್ಕೆ 1964ರ ಪುರಸಭೆ ಕಾಯ್ದೆ, ಅಷ್ಟೇ ವ್ಯತ್ಯಾಸ. ಗ್ರಾಮ ಪಂಚಾಯಿತಿಯವರಿಗೆ ಕೊನೆಯಲ್ಲಿ ಸ್ವಲ್ಪ ಹೇಳಿದ್ದೇನೆ.

## ಬೇಕಾಗುವ ಸಾಮಾನು

ಹಿಂದಿನ ಮೂರು ವರ್ಷದ ಕಂದಾಯ ರಸೀದಿ ಅಥವಾ ಚಲನ್. ಖಾತೆ ನಕಲು, ಇ-ಖಾತೆ ಆಗಿದ್ದರೆ ಅದರ ಪ್ರಿಂಟ್. ಕ್ರಯಪತ್ರ ಅಥವಾ ವಿಭಾಗ ಪತ್ರದ ಜೆರಾಕ್ಸ್. ಮನೆ ಕಟ್ಟಲು ತೆಗೆದುಕೊಂಡ ಲೈಸೆನ್ಸ್ ಮತ್ತು ನಕ್ಷೆ. ಮನೆಯ ಮೊದಲ ಕರೆಂಟ್ ಬಿಲ್ ಅಥವಾ ಮೀಟರ್ ಮಂಜೂರಾತಿ ಪತ್ರ ಸಿಕ್ಕಿದರೆ ಇನ್ನೂ ಒಳ್ಳೆಯದು, ಮನೆ ಯಾವ ವರ್ಷದ್ದು ಅಂತ ತೋರಿಸಲು ಬೇಕಾಗುತ್ತದೆ. ಜೊತೆಗೆ ಒಂದು 30 ಮೀಟರ್ ಟೇಪು, ಫೋಟೊ ತೆಗೆಯಲು ಮೊಬೈಲು, ಒಂದು ನೋಟ್‌ಬುಕ್. ಇವೆಲ್ಲ ಒಂದು ಫೈಲಿನಲ್ಲಿರಲಿ. ಅಸಲು ಕಾಗದ ಯಾರ ಕೈಗೂ ಕೊಡಬೇಡಿ.

## ಹಂತ 1: ಏರಿಕೆ ಎಲ್ಲಿಂದ ಬಂತು ಅಂತ ಪತ್ತೆ ಮಾಡಿ

ಮೂರು ವರ್ಷದ ರಸೀದಿಯನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಕೊನೆಯ ಒಟ್ಟು ಮೊತ್ತ ನೋಡಬೇಡಿ, ಎಲ್ಲರೂ ಅಲ್ಲೇ ಎಡವುವುದು. ರಸೀದಿಯಲ್ಲಿ ಆಸ್ತಿ ತೆರಿಗೆ ಒಂದು ಸಾಲು. ಅದರ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಸೆಸ್ ಬೇರೆ. ಕಸದ ಶುಲ್ಕ ಬೇರೆ. ಬಾಕಿ, ದಂಡ ಇದ್ದರೆ ಅದೂ ಬೇರೆ. ಆಸ್ತಿ ತೆರಿಗೆಯ ಸಾಲನ್ನು ಮಾತ್ರ ತೆಗೆದುಕೊಂಡು ಹೋದ ವರ್ಷಕ್ಕಿಂತ ಶೇಕಡಾ ಎಷ್ಟು ಏರಿದೆ ಅಂತ ಲೆಕ್ಕ ಹಾಕಿ.

ವರ್ಷಕ್ಕೆ ಶೇ. 3ರಿಂದ 5ರ ಏರಿಕೆಗೆ ಕಾಯ್ದೆಯಲ್ಲೇ ಜಾಗ ಇದೆ. ಅಷ್ಟರೊಳಗೆ ಇದ್ದರೆ ಆ ಏರಿಕೆ ಬಗ್ಗೆ ಅರ್ಜಿ ಬರೆದು ಪ್ರಯೋಜನ ಇಲ್ಲ. ಹಾಗಂತ ಇಲ್ಲಿಗೇ ನಿಲ್ಲಿಸಬೇಡಿ, ಹಳೆಯ ತಪ್ಪಿನ ಮೇಲೇ ಶೇ. 3 ಕೂತಿರಬಹುದು, ಹಂತ 4ರವರೆಗೆ ಬನ್ನಿ.

ಶೇ. 5ಕ್ಕಿಂತ ಜಾಸ್ತಿ ಜಿಗಿದಿದ್ದರೆ ಹೆಚ್ಚಾಗಿ ಎರಡರಲ್ಲಿ ಒಂದು ಆಗಿದೆ. ನಿಮ್ಮ ರಸ್ತೆಯ ಮಾರ್ಗಸೂಚಿ ಬೆಲೆ ಬದಲಾಗಿದೆ, ಇಲ್ಲವೇ ನಿಮ್ಮ ಮನೆಯ ದಾಖಲೆಯನ್ನು ಯಾರೋ ಬದಲಾಯಿಸಿದ್ದಾರೆ. 2021ರ ತಿದ್ದುಪಡಿಯ ನಂತರ ತೆರಿಗೆ ಲೆಕ್ಕವನ್ನು ಮಾರ್ಗಸೂಚಿ ಬೆಲೆಯ ಶೇ. 25ಕ್ಕೆ ಗಂಟು ಹಾಕಿದ್ದಾರೆ. ಆಸ್ತಿ ನೋಂದಣಿ ಮಾಡುವಾಗ ಉಪನೋಂದಣಿ ಕಚೇರಿಯಲ್ಲಿ ನೋಡುತ್ತಾರಲ್ಲ, ಅದೇ ಬೆಲೆ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲೆಲ್ಲ ಅದು ಪರಿಷ್ಕರಣೆ ಆಯಿತು.

ಎಚ್ಚರಿಕೆ: ಏರಿಕೆ ಇಲ್ಲದೆಯೂ ಒಟ್ಟು ಮೊತ್ತ ದೊಡ್ಡದಾಗಿ ಕಂಡರೆ ಬಾಕಿಯ ಸಾಲು ನೋಡಿ. ಕಟ್ಟಿದ ವರ್ಷವನ್ನೇ ಬಾಕಿ ಅಂತ ತೋರಿಸುವುದು ಅಪರೂಪವೇನಲ್ಲ, ಮುಖ್ಯವಾಗಿ ಬ್ಯಾಂಕಿನಲ್ಲಿ ಚಲನ್ ಮೂಲಕ ಕಟ್ಟಿದ ಹಳೆಯ ವರ್ಷಗಳದ್ದು. ಅದಕ್ಕೆ ಅರ್ಜಿ ಬೇರೆ, ಪುರಾವೆ ಚಲನ್ ಒಂದೇ. ಇದನ್ನು ಅಳತೆ ತಕರಾರಿನ ಜೊತೆ ಸೇರಿಸಬೇಡಿ.

## ಹಂತ 2: ನಿಮ್ಮ ಬಗ್ಗೆ ಅವರಲ್ಲಿ ಏನು ಬರೆದಿದೆ ಅಂತ ತರಿಸಿಕೊಳ್ಳಿ

ರಸೀದಿಯಲ್ಲಿ ಮೊತ್ತ ಇರುತ್ತದೆ, ಆ ಮೊತ್ತ ಹೇಗೆ ಬಂತು ಅನ್ನುವುದು ಇರುವುದಿಲ್ಲ. ಅದಕ್ಕೆ ಖಾತೆ ನಕಲು ಮತ್ತು ನಿಮ್ಮ ಹೆಸರಿನಲ್ಲಿರುವ ಸ್ವಯಂ ಘೋಷಿತ ತೆರಿಗೆ ನಮೂನೆಯ ಪ್ರತಿ ಬೇಕು. ಅನೇಕರಿಗೆ ಈ ನಮೂನೆ ಇದೆ ಅಂತಲೇ ಗೊತ್ತಿಲ್ಲ. ನಮ್ಮಲ್ಲಿ ಕಂದಾಯ ಅಂದರೆ ಮಾಲೀಕನೇ ಘೋಷಿಸಿ ಕಟ್ಟುವುದು. ವರ್ಷಗಳ ಹಿಂದೆ ಬಿಲ್ ಕಲೆಕ್ಟರ್ ಅಥವಾ ಹೊರಗೆ ಕೂತ ಅರ್ಜಿ ಬರೆಯುವವರು ತುಂಬಿಕೊಟ್ಟು, ಮನೆಯ ಹಿರಿಯರು ಕನ್ನಡಕ ಇಲ್ಲದೆ ಸಹಿ ಹಾಕಿದ ಆ ಹಾಳೆಯೇ ಇವತ್ತಿಗೂ ನಿಮ್ಮ ತೆರಿಗೆಯ ಬೇರು.

ನಕಲು ಕೇಳುವಾಗ ಬಾಯಿಮಾತಿನಲ್ಲಿ ಕೇಳಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಖಾತೆಗೆ ಸಂಬಂಧಿಸಿದ ಸೇವೆಗಳು ಸಕಾಲದಲ್ಲಿವೆ (ನಿಗದಿತ ದಿನದೊಳಗೆ ಕೆಲಸ ಮಾಡಿಕೊಡಬೇಕು ಅನ್ನುವ ಸರ್ಕಾರದ ವ್ಯವಸ್ಥೆ), ಸಕಾಲ ಸಂಖ್ಯೆ ಕೇಳಿ ಬರೆಸಿಕೊಳ್ಳಿ. ಆ ಸಂಖ್ಯೆ ಇದ್ದರೆ ಕಡತ ಯಾವ ಮೇಜಿನಲ್ಲಿದೆ ಅಂತ ವಿಚಾರಿಸಬಹುದು.

## ಹಂತ 3: ಮನೆ ಅಳೆಯಿರಿ

ಇದನ್ನು ಬಿಟ್ಟು ಮುಂದೆ ಹೋದವರೇ ಜಾಸ್ತಿ. "ನಮ್ಮದು 30-40 ಸೈಟು" ಅಂತ ಎಲ್ಲರಿಗೂ ಗೊತ್ತು, ಕಟ್ಟಡ ಎಷ್ಟು ಅಂತ ಕೇಳಿದರೆ ಅಂದಾಜು ಹೇಳುತ್ತಾರೆ.

ಇಬ್ಬರು ಸೇರಿ ಹೊರಗಿನ ಗೋಡೆಯಿಂದ ಹೊರಗಿನ ಗೋಡೆಗೆ ಅಳೆಯಿರಿ. ಒಂದು ಹಾಳೆಯಲ್ಲಿ ಮನೆಯ ಆಕಾರ ಬಿಡಿಸಿ, ಒಂದೊಂದು ಭಾಗವನ್ನೂ ಬೇರೆ ಬೇರೆ ಬರೆಯಿರಿ: ನೆಲ ಅಂತಸ್ತು, ಮೊದಲ ಅಂತಸ್ತು, ಜಗಲಿ, ಕಾರು ನಿಲ್ಲಿಸುವ ಜಾಗ, ಹಿಂದಿನ ಬಚ್ಚಲು, ಸೌದೆ ಕೊಟ್ಟಿಗೆ. ಪ್ರತಿಯೊಂದರ ಮುಂದೆ ಮಾಡು ಎಂಥದ್ದು ಅಂತ ಬರೆಯಿರಿ, ಆರ್‌ಸಿಸಿನಾ, ಮಂಗಳೂರು ಹಂಚಾ, ಶೀಟಾ. ಕಟ್ಟಿದ ವರ್ಷವನ್ನೂ ಸೇರಿಸಿ. ಹಿಂದಿನ ಭಾಗ ಅಪ್ಪ ಕಟ್ಟಿಸಿದ್ದು, ಮುಂದಿನದು ಮಗ ಸೇರಿಸಿದ್ದು ಅಂತಾದರೆ ಎರಡು ವರ್ಷ ಎರಡು ಸಾಲಿನಲ್ಲಿ ಬರಲಿ.

ಅಡಿ ಮತ್ತು ಮೀಟರ್ ಗೊಂದಲ ಇಲ್ಲೇ ತೀರಿಸಿಕೊಳ್ಳಿ. 1 ಚದರ ಮೀಟರ್ ಅಂದರೆ 10.764 ಚದರ ಅಡಿ. 30-40 ಸೈಟು 1,200 ಚದರ ಅಡಿ, ಅಂದರೆ ಸುಮಾರು 111.5 ಚದರ ಮೀಟರ್. ಎರಡನ್ನೂ ನಿಮ್ಮ ಹಾಳೆಯಲ್ಲಿ ಬರೆದಿಡಿ.

## ಹಂತ 4: ದಾಖಲೆ ಮತ್ತು ಮನೆ ತಾಳೆ ಮಾಡಿ

ಹಣ ಉಳಿಯುವುದು ಇಲ್ಲೇ. ಒಂದು ಕೈಯಲ್ಲಿ ನಿಮ್ಮ ಹಾಳೆ, ಇನ್ನೊಂದರಲ್ಲಿ ಅವರ ನಮೂನೆ. ಸಾಲಿಗೆ ಸಾಲು ನೋಡುತ್ತಾ ಬನ್ನಿ.

ಮಾಡು. ಕಟ್ಟಡದ ಬೆಲೆಯನ್ನು ಅದರ ದರ್ಜೆ ನೋಡಿ ಕಟ್ಟುತ್ತಾರೆ. ಆರ್‌ಸಿಸಿಗೆ ಒಂದು ದರ, ಹಂಚಿಗೆ ಅದಕ್ಕಿಂತ ಕಡಿಮೆ, ಶೀಟಿಗೆ ಇನ್ನೊಂದು. ಮಲೆನಾಡಿನ ಮನೆಗಳಲ್ಲಿ ಮುಂದೆ ತಾರಸಿ, ಹಿಂದೆ ಹಂಚು ಇರುವುದು ಮಾಮೂಲು. ರಸ್ತೆಯಲ್ಲಿ ನಿಂತು ನೋಡಿ ಬರೆದುಕೊಂಡವರಿಗೆ ಮುಂದಿನ ತಾರಸಿ ಮಾತ್ರ ಕಾಣುತ್ತದೆ. ಹಾಗಾಗಿ ಇಡೀ ಮನೆ ಆರ್‌ಸಿಸಿ ಅಂತ ದಾಖಲಾಗಿಬಿಡುತ್ತದೆ.

ತಾರಸಿ ಮೇಲಿನ ಶೀಟು. ಇದು ನಮ್ಮ ಕಡೆಯದೇ ತೊಂದರೆ. ಮಳೆಗೆ ತಾರಸಿ ಸೋರುತ್ತದೆ ಅಂತ ಕಬ್ಬಿಣದ ಕಂಬ ನಿಲ್ಲಿಸಿ ಮೇಲೆ ಶೀಟು ಹೊದಿಸುತ್ತೇವೆ. ಬಟ್ಟೆ ಒಣಗಿಸಲು, ಅಡಿಕೆ ಹರಡಲು ಅನುಕೂಲ. ನಾಲ್ಕೂ ಕಡೆ ಖಾಲಿ, ಗೋಡೆ ಇಲ್ಲ, ಬಾಗಿಲಿಲ್ಲ, ಸೊಂಟದೆತ್ತರದ ಪ್ಯಾರಪೆಟ್ ಅಷ್ಟೇ. ದೂರದಿಂದ ನೋಡಿದರೆ ಇನ್ನೊಂದು ಅಂತಸ್ತಿನ ಹಾಗೆ ಕಾಣುತ್ತದೆ, ದಾಖಲೆಯಲ್ಲಿ ಮೊದಲ ಅಂತಸ್ತು ಅಂತ ಪೂರ್ತಿ ಅಳತೆ ಸೇರಿಕೊಂಡರೂ ಆಶ್ಚರ್ಯ ಇಲ್ಲ. ಇಂಥದ್ದು ಕಂಡರೆ ತಾರಸಿ ಮೇಲೆ ನಿಂತು ನಾಲ್ಕು ದಿಕ್ಕಿನ ಫೋಟೊ ತೆಗೆಯಿರಿ, ಕೆಳಗೆ ರಸ್ತೆಯಿಂದಲೂ ಒಂದು. ಕಂಬಗಳ ನಡುವೆ ಆಚೆ ಮನೆಯ ತೆಂಗಿನ ಮರ ಕಾಣುವ ಹಾಗೆ ತೆಗೆದರೆ ಗೋಡೆ ಇಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಆದರೆ ಒಂದು ಮೂಲೆಯಲ್ಲಿ ರೂಮು ಮಾಡಿ ಹುಡುಗರಿಗೆ ಬಾಡಿಗೆ ಕೊಟ್ಟಿದ್ದರೆ ಆ ರೂಮಿನ ಅಳತೆ ಒಪ್ಪಿಕೊಳ್ಳಿ, ಉಳಿದದ್ದಕ್ಕೆ ಮಾತ್ರ ತಕರಾರು ಮಾಡಿ.

ವಯಸ್ಸು. ಕಟ್ಟಡ ಹಳೆಯದಾದಷ್ಟೂ ಸವಕಳಿ ಕಳೆಯಬೇಕು. ಕಟ್ಟಿದ ವರ್ಷದ ಜಾಗ ಖಾಲಿ ಇದ್ದರೆ ಅಥವಾ ಖಾತೆ ನಿಮ್ಮ ಹೆಸರಿಗೆ ಬದಲಾದ ವರ್ಷವನ್ನೇ ಕಟ್ಟಿದ ವರ್ಷ ಅಂತ ಹಾಕಿದ್ದರೆ ಆ ಲಾಭ ಹೋಯಿತು. ಹಳೆಯ ಮನೆ ಕೊಂಡವರು, ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ) ಮಾಡಿಸಿಕೊಂಡವರು ಇದನ್ನು ಮೊದಲು ನೋಡಬೇಕು.

ಬಳಕೆ. ವಾಸದ ಮನೆಗೂ ವಾಣಿಜ್ಯಕ್ಕೂ ದರದಲ್ಲಿ ದೊಡ್ಡ ಅಂತರ ಇದೆ. ಮುಂದಿನ ಒಂದು ಕೋಣೆಯಲ್ಲಿ ಟೈಲರ್ ಅಂಗಡಿ ಇದ್ದರೆ ಆ ಕೋಣೆಗೆ ಮಾತ್ರ ವಾಣಿಜ್ಯ ದರ ಬರಬೇಕು, ಇಡೀ ಮನೆಗಲ್ಲ. ಅಂಗಡಿ ಮುಚ್ಚಿ ವರ್ಷಗಳಾದರೂ ದಾಖಲೆಯಲ್ಲಿ ಅಂಗಡಿ ಹಾಗೇ ಉಳಿದಿರುವುದೂ ಉಂಟು. ಅದನ್ನು ತೆಗೆಸಲು ಟ್ರೇಡ್ ಲೈಸೆನ್ಸ್ ರದ್ದು ಮಾಡಿದ ಕಾಗದ, ಮೀಟರ್ ಮನೆ ಬಳಕೆಗೆ ಬದಲಾದ ಕರೆಂಟ್ ಬಿಲ್ ಕೊಡಿ.

ಬಿದ್ದುಹೋದದ್ದು. ಮಳೆಗಾಲದಲ್ಲಿ ಕುಸಿದ ಮಣ್ಣಿನ ಗೋಡೆಯ ಕೊಟ್ಟಿಗೆ, ಕೆಡವಿಸಿದ ಹಳೆಯ ಅಡುಗೆ ಮನೆ ಕಾಗದದಲ್ಲಿ ಇನ್ನೂ ನಿಂತಿರುತ್ತವೆ. ನೀವು ತಿಳಿಸದೆ ಅವು ಹೋಗುವುದಿಲ್ಲ.

ಎರಡು ಸಂಖ್ಯೆ. ಖಾಲಿ ಸೈಟಿಗೆ ಒಂದು ಆಸ್ತಿ ಸಂಖ್ಯೆ ಇತ್ತು, ಮನೆ ಕಟ್ಟಿದ ಮೇಲೆ ಇನ್ನೊಂದು ಬಂತು, ಹಳೆಯದು ರದ್ದಾಗಲಿಲ್ಲ. ಎರಡಕ್ಕೂ ಬೇಡಿಕೆ ಬರುತ್ತಿದ್ದರೆ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ತೋರಿಸಿ ಎರಡೂ ಒಂದೇ ಜಾಗ ಅಂತ ಸಾಬೀತು ಮಾಡಿ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಿದ್ದು ಖಾತೆ ಮಾತ್ರ ಒಬ್ಬರ ಹೆಸರಿನಲ್ಲಿದ್ದರೆ ಅದು ತೆರಿಗೆಯ ತಕರಾರು ಅಲ್ಲ, ಮೊದಲು ಖಾತೆ ವಿಂಗಡಣೆ ಆಗಬೇಕು.

ಮಾಜಿ ಸೈನಿಕರಿಗೆ ಸ್ವಂತ ವಾಸದ ಮನೆಗೆ ಶೇ. 50 ರಿಯಾಯಿತಿ ಇದೆ. ಕೇಳದವರಿಗೆ ತಾನಾಗಿ ಬರುವುದಿಲ್ಲ.

ಒಂದು ಮಾತು ನೇರವಾಗಿ ಹೇಳುತ್ತೇನೆ. ತಾಳೆ ಮಾಡುವಾಗ ದಾಖಲೆಗಿಂತ ಮನೆಯೇ ದೊಡ್ಡದು ಅಂತ ಗೊತ್ತಾಗಬಹುದು. ಆಗ ತಿದ್ದುಪಡಿ ಅರ್ಜಿ ಹಾಕಿದರೆ ತೆರಿಗೆ ಏರುತ್ತದೆ, ಇಳಿಯುವುದಿಲ್ಲ. ಮೇಲಿನ ಅಂತಸ್ತು ಮುಚ್ಚಿಟ್ಟು ಕೆಳಗಿನ ಹಂಚಿಗೆ ಮಾತ್ರ ರಿಯಾಯಿತಿ ಕೇಳುವ ಜಾಣತನ ಬೇಡ. ಸ್ಥಳಕ್ಕೆ ಬಂದವರಿಗೆ ಎರಡೂ ಕಾಣುತ್ತದೆ, ತಪ್ಪು ಘೋಷಣೆಗೆ ದಂಡವೂ ಇದೆ.

## ಹಂತ 5: ನಿಮ್ಮ ರಸ್ತೆಯ ಬೆಲೆ ನೋಡಿ

ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮಾರ್ಗಸೂಚಿ ಬೆಲೆಯನ್ನು ದುಡ್ಡಿಲ್ಲದೆ ನೋಡಬಹುದು. ಜಿಲ್ಲೆ, ತಾಲ್ಲೂಕು, ಬಡಾವಣೆ ಆರಿಸಿ. ಸೈಟಿನ ಬೆಲೆ ಚದರ ಮೀಟರ್ ಲೆಕ್ಕದಲ್ಲಿ ಇರುತ್ತದೆ, ಅಡಿ ಅಂದುಕೊಂಡು ಗಾಬರಿ ಆಗಬೇಡಿ.

ಇಲ್ಲಿ ಹುಡುಕಬೇಕಾದ ತಪ್ಪು ಒಂದೇ: ನಿಮ್ಮ ಮನೆಗೆ ಬೇರೆ ರಸ್ತೆಯ ಬೆಲೆ ಹಾಕಿದ್ದಾರಾ? ಮುಖ್ಯರಸ್ತೆಗೆ ಒಂದು ಬೆಲೆ, ಅದರ ಒಳಗಿನ ಅಡ್ಡರಸ್ತೆಗೆ ಇನ್ನೊಂದು. ಸವಳಂಗ ರಸ್ತೆಗೆ ಮುಖ ಮಾಡಿದ ಕಟ್ಟಡ ಬೇರೆ, ಅಲ್ಲಿಂದ ಎರಡು ತಿರುವು ಒಳಗಿರುವ ವಿನೋಬನಗರದ ಮನೆ ಬೇರೆ. ವಿಳಾಸದಲ್ಲಿ ಗುರುತಿಗೆ ಅಂತ ಮುಖ್ಯರಸ್ತೆಯ ಹೆಸರು ಬರೆಸಿಕೊಂಡವರು ಇದನ್ನು ಖಂಡಿತ ನೋಡಬೇಕು. ಮೂಲೆ ಮನೆಯಾದರೆ ಬಾಗಿಲು ಯಾವ ರಸ್ತೆಗಿದೆ ಅಂತ ಫೋಟೊ ಇಟ್ಟುಕೊಳ್ಳಿ.

## ಹಂತ 6: ತಕರಾರು ಇದ್ದರೂ ಏಪ್ರಿಲ್‌ನಲ್ಲೇ ಕಟ್ಟಿ

ಇದಕ್ಕೆ ಎಲ್ಲರೂ ಮುಖ ಸಿಂಡರಿಸುತ್ತಾರೆ. "ತಪ್ಪು ಮೊತ್ತ ಯಾಕೆ ಕಟ್ಟಬೇಕು?" ಲೆಕ್ಕ ನೋಡಿ. ಏಪ್ರಿಲ್ 30ರೊಳಗೆ ಕಟ್ಟಿದರೆ ಶೇ. 5 ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈ 1ರಿಂದ ತಿಂಗಳಿಗೆ ಶೇ. 2 ದಂಡ. 8,000 ರೂಪಾಯಿ ತೆರಿಗೆಗೆ ಏಪ್ರಿಲ್‌ನಲ್ಲಿ 400 ಉಳಿಯುತ್ತದೆ. ಮಾರ್ಚ್‌ವರೆಗೆ ಹಟ ಹಿಡಿದು ಕೂತರೆ ಒಂಬತ್ತು ತಿಂಗಳಿಗೆ 1,440 ದಂಡ. ತಿದ್ದುಪಡಿ ಏಪ್ರಿಲ್ ಒಳಗೆ ಮುಗಿಯುವುದು ಕಷ್ಟ. ಕೆಲವು ವರ್ಷ ಸರ್ಕಾರ ರಿಯಾಯಿತಿಯ ಗಡುವು ಮುಂದಕ್ಕೆ ಹಾಕಿದ್ದುಂಟು, ಅದನ್ನು ನಂಬಿ ಕೂರಬೇಡಿ.

ಆದರೆ ಕಟ್ಟುವ ರೀತಿ ಇದೆ. ತಪ್ಪು ವಿವರ ಇರುವ ನಮೂನೆಗೆ ಮತ್ತೆ ಸಹಿ ಹಾಕಿದರೆ ಅದು ನೀವೇ ಒಪ್ಪಿದ ಹಾಗೆ. ಆದ್ದರಿಂದ ಮೊದಲು ತಕರಾರು ಅರ್ಜಿಯನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಿ, ಆಮೇಲೆ ಹಣ ಕಟ್ಟಿ. ಒಂದೇ ದಿನ ಆದರೂ ಪರವಾಗಿಲ್ಲ, ಕ್ರಮ ಹೀಗೇ ಇರಲಿ. ಕೆಲಸ ಸುಲಭ ಆಗಲು ಫೆಬ್ರವರಿಯಲ್ಲೇ ಶುರು ಮಾಡಿ. ಮಾರ್ಚ್ ಕೊನೆಯಲ್ಲಿ ವಸೂಲಿ ಗಲಾಟೆ, ಆಗ ನಿಮ್ಮ ಫೈಲು ಯಾರೂ ತೆರೆಯುವುದಿಲ್ಲ.

## ಹಂತ 7: ಅರ್ಜಿ ಬರೆಯುವುದು

ಸೋಲುವ ಅರ್ಜಿ ಹೀಗಿರುತ್ತದೆ: "ನಾವು ಮಧ್ಯಮ ವರ್ಗದವರು, ತೆರಿಗೆ ತುಂಬಾ ಜಾಸ್ತಿಯಾಗಿದೆ, ದಯವಿಟ್ಟು ಕಡಿಮೆ ಮಾಡಿ." ಕಷ್ಟ ನೋಡಿ ತೆರಿಗೆ ಇಳಿಸುವ ಅಧಿಕಾರ ಕಂದಾಯ ಶಾಖೆಯವರಿಗೆ ಇಲ್ಲ. ಪಕ್ಕದ ಮನೆಯವರು ಕಡಿಮೆ ಕಟ್ಟುತ್ತಾರೆ ಅಂತಲೂ ಬರೆಯಬೇಡಿ, ಅವರದ್ದು ಏರುತ್ತದೆ, ನಿಮ್ಮದು ಇಳಿಯುವುದಿಲ್ಲ, ಮೇಲೆ ನೆರೆಮನೆಯವರ ಮುನಿಸು ಬೇರೆ.

ಕೆಲಸ ಆಗುವ ಅರ್ಜಿ ಒಂದು ಪುಟ ಇರುತ್ತದೆ, ಆಯುಕ್ತರ ಹೆಸರಿಗೆ ಇರುತ್ತದೆ. ನಗರಸಭೆಯಾದರೆ ಪೌರಾಯುಕ್ತರು, ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿ. ಒಕ್ಕಣೆ ಹೀಗಿರಲಿ:

"ವಿಷಯ: ಆಸ್ತಿ ಸಂಖ್ಯೆ ......ರ ಕಟ್ಟಡ ವಿವರ ತಿದ್ದುಪಡಿ ಮಾಡಿ ತೆರಿಗೆ ಮರುಲೆಕ್ಕ ಹಾಕುವ ಬಗ್ಗೆ.

ಮಾನ್ಯರೇ, ಮೇಲಿನ ಆಸ್ತಿಯ ದಾಖಲೆಯಲ್ಲಿ ಕೆಳಗಿನ ವಿವರಗಳು ಸ್ಥಳದ ಸ್ಥಿತಿಗೆ ಹೊಂದುತ್ತಿಲ್ಲ.
1. ಹಿಂಭಾಗದ ...... ಚದರ ಅಡಿ ಆರ್‌ಸಿಸಿ ಎಂದಿದೆ. ವಾಸ್ತವವಾಗಿ ಮಂಗಳೂರು ಹಂಚು. ಫೋಟೊ 1, 2 ನೋಡಿ.
2. ಕಟ್ಟಿದ ವರ್ಷ ನಮೂದಾಗಿಲ್ಲ. ಕಟ್ಟಡ ಪರವಾನಗಿಯ ಪ್ರತಿ ಲಗತ್ತಿಸಿದೆ.
ಸ್ಥಳ ಪರಿಶೀಲನೆ ನಡೆಸಿ, ದಾಖಲೆ ತಿದ್ದಿ, ತೆರಿಗೆಯನ್ನು ಮರುಲೆಕ್ಕ ಹಾಕಬೇಕೆಂದು, ಹೆಚ್ಚುವರಿಯಾಗಿ ಕಟ್ಟಿದ ಮೊತ್ತವನ್ನು ಮುಂದಿನ ವರ್ಷಗಳ ತೆರಿಗೆಗೆ ಹೊಂದಿಸಬೇಕೆಂದು ಕೋರುತ್ತೇನೆ. ಈ ಸಾಲಿನ ತೆರಿಗೆಯನ್ನು ಈ ತಕರಾರಿಗೆ ಒಳಪಟ್ಟು ಪಾವತಿಸುತ್ತಿದ್ದೇನೆ."

ಕೊನೆಯ ವಾಕ್ಯ ಬಿಡಬೇಡಿ. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಮೂರೂ ಇರಲಿ. ಬರೀ ಸಹಿ ಹಾಕಿ ಕೊಟ್ಟರೆ "ನಂಬರ್ ಹಾಕಿ ಕೊಡಿ ಸಾರ್" ಅಂತ ಅಲ್ಲೇ ನಿಂತು ಕೇಳಿ.

ಮರುಮೌಲ್ಯಮಾಪನದ ನೋಟಿಸ್ ಬಂದಿದ್ದರೆ ವಿಷಯ ಬೇರೆ. ಅದರಲ್ಲೇ ಆಕ್ಷೇಪಣೆಗೆ ಗಡುವು ಕೊಟ್ಟಿರುತ್ತಾರೆ. ನೋಟಿಸ್ ಕೈಗೆ ಬಂದ ದಿನವನ್ನು ಅದರ ಮೂಲೆಯಲ್ಲಿ ಬರೆದಿಟ್ಟು, ಲಕೋಟೆಯನ್ನೂ ಇಟ್ಟುಕೊಂಡು, ಗಡುವಿನೊಳಗೆ ಉತ್ತರ ಕೊಡಿ. ಗಡುವು ದಾಟಿದರೆ ನಿಮ್ಮ ಪುರಾವೆ ಎಷ್ಟೇ ಗಟ್ಟಿ ಇದ್ದರೂ ಕಷ್ಟ.

## ಹಂತ 8: ಅಳೆಯಲು ಬಂದ ದಿನ

ಮನೆಯಲ್ಲಿ ದಾಖಲೆ ಗೊತ್ತಿರುವವರು ಒಬ್ಬರು ಇರಲೇಬೇಕು. ಅಜ್ಜಿಯೊಬ್ಬರನ್ನೇ ಬಿಟ್ಟು ಹೋದರೆ ಅವರು ಪಾಪ ಕಾಫಿ ಕೊಟ್ಟು ಕಳಿಸುತ್ತಾರೆ, ಹಿಂದಿನ ಹಂಚಿನ ಮಾಡು ತೋರಿಸುವುದಿಲ್ಲ. ಟೇಪಿನ ಇನ್ನೊಂದು ತುದಿ ನೀವೇ ಹಿಡಿಯಿರಿ, ಅವರು ಬರೆದ ಅಂಕಿಯನ್ನು ನಿಮ್ಮ ಹಾಳೆಯಲ್ಲೂ ಬರೆಯಿರಿ. ಅವರು ಹೊರಡುವ ಮುಂಚೆ ಮಹಜರು (ಸ್ಥಳದಲ್ಲಿ ಕಂಡದ್ದನ್ನು ಬರೆದ ಹಾಳೆ) ಓದಿ. ಖಾಲಿ ನಮೂನೆಗೆ ಸಹಿ ಕೇಳಿದರೆ ಹಾಕಬೇಡಿ, "ತುಂಬಿದ ಮೇಲೆ ಆಫೀಸಿಗೇ ಬಂದು ಹಾಕ್ತೀನಿ" ಅಂದರೆ ಸಾಕು.

"ಇಷ್ಟು ಕೊಡಿ, ಅರ್ಧ ಮಾಡಿಸ್ತೀನಿ" ಅನ್ನುವವರು ಇದೇ ಹೊತ್ತಿಗೆ ಬರುತ್ತಾರೆ. ಅವರು ಅಳತೆ ಕಡಿಮೆ ಬರೆಸುತ್ತಾರೆ. ಮುಂದೆ ಮನೆ ಮಾರುವಾಗ, ಸಾಲಕ್ಕೆ ಬ್ಯಾಂಕಿನವರು ನೋಡುವಾಗ ಖಾತೆಗೂ ಮನೆಗೂ ತಾಳೆ ಆಗುವುದಿಲ್ಲ. ಆಗ ಆ ಮನುಷ್ಯ ಫೋನ್ ಎತ್ತುವುದಿಲ್ಲ.

## ಹಂತ 9: ಉತ್ತರ ಬಾರದಿದ್ದರೆ

ಒಂದು ತಿಂಗಳು ಕಾದು ಇನ್‌ವರ್ಡ್ ನಂಬರ್ ಹಾಕಿ ನೆನಪೋಲೆ ಕೊಡಿ. ಆಮೇಲೂ ಸುದ್ದಿ ಇಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ಹಾಗಾಗಿ ಕಥೆ ಬೇಡ. "ಇನ್‌ವರ್ಡ್ ನಂಬರ್ ಇಂಥದ್ದರ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿ ಹಾಳೆಯ ಪ್ರತಿ, ಈ ಆಸ್ತಿಯ ತೆರಿಗೆ ಲೆಕ್ಕದ ಹಾಳೆಯ ಪ್ರತಿ" ಅಂತ ಇಷ್ಟೇ ಕೇಳಿ. ನನ್ನ ಅಭಿಪ್ರಾಯದಲ್ಲಿ ಹತ್ತು ಸಲ ಅಲೆಯುವುದಕ್ಕಿಂತ ಈ ಹತ್ತು ರೂಪಾಯಿ ಮೇಲು, ಯಾಕಂದ್ರೆ ಟಿಪ್ಪಣಿ ಹಾಳೆ ಹೊರಗೆ ಬರುತ್ತದೆ ಅಂದಾಗಲೇ ಅದರಲ್ಲಿ ಏನಾದರೂ ಬರೆಯುತ್ತಾರೆ.

## ಹಂತ 10: ಮುಂದಿನ ಏರಿಕೆಯನ್ನು ಕರಡಿನಲ್ಲೇ ಹಿಡಿಯಿರಿ

ಮಾರ್ಗಸೂಚಿ ಬೆಲೆ ಪರಿಷ್ಕರಿಸುವ ಮೊದಲು ಕರಡು ಪಟ್ಟಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳುತ್ತಾರೆ. 2023ರಲ್ಲಿ ಕೊಟ್ಟ ಸಮಯ 15 ದಿನ. ಪತ್ರಿಕೆಯಲ್ಲಿ ಸಣ್ಣ ಪ್ರಕಟಣೆ ಬರುತ್ತದೆ, ಉಪನೋಂದಣಿ ಕಚೇರಿಯಲ್ಲಿ ಪಟ್ಟಿ ಹಾಕುತ್ತಾರೆ, ಮನೆ ಕಟ್ಟಿಕೊಂಡು ವಾಸ ಇರುವವರು ಆ ಕಡೆ ತಲೆ ಹಾಕುವುದೇ ಇಲ್ಲ. ಸೈಟು ಮಾರುವವರಿಗೆ, ಕೊಳ್ಳುವವರಿಗೆ ಮಾತ್ರ ಅದರ ಚಿಂತೆ ಅಂದುಕೊಂಡಿದ್ದೇವೆ. ಪಟ್ಟಿ ಅಂತಿಮವಾದ ಮೇಲೆ ಪಾಲಿಕೆಗೆ ಹೋಗಿ "ನಮ್ಮ ರಸ್ತೆಗೆ ಬೆಲೆ ಜಾಸ್ತಿ" ಅಂದರೆ ಅವರು ಏನೂ ಮಾಡಲಾರರು.

ಇದನ್ನು ಒಬ್ಬರೇ ಮಾಡಬೇಡಿ, ಬಡಾವಣೆಯ ನಿವಾಸಿಗಳ ಸಂಘದ ಮೂಲಕ ಮಾಡಿ. ಆಕ್ಷೇಪಣೆಯಲ್ಲಿ ನಿಮ್ಮ ರಸ್ತೆಯ ಇತ್ತೀಚಿನ ಕ್ರಯಪತ್ರಗಳ ಬೆಲೆ, ರಸ್ತೆ ಅಗಲ, ಯುಜಿಡಿ (ಒಳಚರಂಡಿ) ಬಂದಿದೆಯಾ, ಮಳೆಗಾಲದಲ್ಲಿ ರಾಜಕಾಲುವೆ ನೀರು ನುಗ್ಗುತ್ತದಾ ಅನ್ನುವುದನ್ನು ಪುರಾವೆ ಸಮೇತ ಬರೆಯಿರಿ. ಪಕ್ಕದ ಇಂಥದ್ದೇ ರಸ್ತೆಗೆ ಕಡಿಮೆ ಬೆಲೆ ಇದ್ದರೆ ಇಲ್ಲಿ ಮಾತ್ರ ಹೋಲಿಕೆ ಕೆಲಸಕ್ಕೆ ಬರುತ್ತದೆ.

## ಗ್ರಾಮ ಪಂಚಾಯಿತಿ ವ್ಯಾಪ್ತಿಯವರಿಗೆ

ನಗರದ ಅಂಚಿನ ಹಳ್ಳಿಗಳು, ತೋಟದ ಮನೆಗಳು 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಬರುತ್ತವೆ. ಅಲ್ಲಿ ನೋಡಬೇಕಾದ ದಾಖಲೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ, ಅಥವಾ 11ಬಿ. ಅರ್ಜಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ. ಅಳತೆ, ಹಂಚು, ಕೊಟ್ಟಿಗೆ, ಬಳಕೆ ಎಲ್ಲ ಮೇಲಿನ ಹಾಗೇ ತಾಳೆ ಮಾಡಿ. ಹೋಂಸ್ಟೇ ನಡೆಸುವವರು ಅತಿಥಿಗಳಿಗೆ ಕೊಡುವ ಕೋಣೆ ಯಾವುದು, ಮನೆಯವರು ಇರುವ ಭಾಗ ಯಾವುದು ಅಂತ ನಕ್ಷೆಯಲ್ಲಿ ಬೇರೆ ಮಾಡಿ ತೋರಿಸಿ, ಇಲ್ಲವಾದರೆ ಇಡೀ ಮನೆ ವಾಣಿಜ್ಯ ಅಂತಾಗುತ್ತದೆ.

## ತಿದ್ದುಪಡಿ ಆಯಿತು ಅಂದ ಮೇಲೆ

ಆದೇಶದ ಪ್ರತಿ ಕೈಗೆ ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಕಡತದಲ್ಲಿ ತಿದ್ದಿರುತ್ತಾರೆ, ಕಂಪ್ಯೂಟರ್‌ನಲ್ಲಿ ಹಳೆಯದೇ ಉಳಿದಿರುತ್ತದೆ. ಒಂದು ವಾರ ಬಿಟ್ಟು ಆನ್‌ಲೈನ್‌ನಲ್ಲಿ ಆಸ್ತಿ ಸಂಖ್ಯೆ ಹಾಕಿ ಅಳತೆ, ಮಾಡು, ವರ್ಷ, ಬಳಕೆ ನಾಲ್ಕೂ ನೋಡಿ. ಮುಂದಿನ ಏಪ್ರಿಲ್‌ನಲ್ಲಿ ಕಟ್ಟುವ ಮೊದಲು ಮತ್ತೊಮ್ಮೆ ನೋಡಿ, ಹೆಚ್ಚುವರಿ ಕಟ್ಟಿದ ಹಣ ಹೊಂದಾಣಿಕೆ ಆಗಿದೆಯಾ ಅಂತಲೂ ನೋಡಿ. ಆಗಿಲ್ಲದಿದ್ದರೆ ಆದೇಶದ ಜೆರಾಕ್ಸ್ ಲಗತ್ತಿಸಿ ಕಂದಾಯ ಅಧಿಕಾರಿಗೆ ಮೂರು ಸಾಲಿನ ಪತ್ರ ಕೊಡಿ, ಈ ಸಲವೂ ಇನ್‌ವರ್ಡ್ ನಂಬರ್ ಹಾಕಿಸಿಕೊಂಡೇ ಬನ್ನಿ.